ಹಿಂದಿ ಮೇಡಂ ಮನೆಯ ಹಿತ್ತಾಳೆ ಎಂಜಿನ್

ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ತರೀಕೆರೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಂಕುಳಲ್ಲಿ ಮಗು ಎತ್ತಿಕೊಂಡು ಬಂದು ಕೈ ಹಿಡಿದಳು. ಕ್ಷೇಮಸಮಾಚಾರ ಆದಮೇಲೆ, "ಹಿಂದಿ ಮೇಡಂ ಶಿವಾಧೀನ ಆದ್ರಂತಲ್ಲ ಮಿಸ್, ಗೊತ್ತಾಯ್ತಾ? ಗಣಾರಾಧನೇನೂ ಆಗೋಯ್ತಂತೆ," ಎಂದಳು. ನನಗೆ ಗೊತ್ತಿರಲಿಲ್ಲ. ಅವರು ಇದ್ದ ಮನೆ ನಾವು ನಿಂತಿದ್ದ ಜಾಗದಿಂದ ಕೂಗಳತೆಯಲ್ಲಿತ್ತು. ನಾನು ಆ ಮಗುವಿನ ಕಾಲು ಹಿಡಿದುಕೊಂಡು ನಿಂತೆ. ಅವಳ ಬಸ್ಸು ಬಂತು. ಹತ್ತುವಾಗ ತಿರುಗಿ, "ಅವರ ಮನೇಲಿ ಒಂದು ರೈಲಿತ್ತಲ್ಲ ಮಿಸ್, ಅದೇನಾಯ್ತು?" ಎಂದು ಕೇಳಿದಳು. ಅದಕ್ಕೆ ಉತ್ತರ ಹೇಳುವಷ್ಟು ಹೊತ್ತು ಬಸ್ಸು ನಿಲ್ಲಲಿಲ್ಲ.

ನಾನು ಅಜ್ಜಂಪುರಕ್ಕೆ ಹೊಲಿಗೆ ಟೀಚರಾಗಿ ಹೋದದ್ದು ಎಪ್ಪತ್ತರ ದಶಕದ ನಡುವೆ. ಹೊಸ ಊರು, ಮದುವೆಯಾಗದ ಹುಡುಗಿ, ಬಾಡಿಗೆ ಮನೆ ಯಾರು ಕೊಡುತ್ತಾರೆ? ಅದೇ ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದ ಮೇಡಂ ತಮ್ಮ ಮನೆಯ ಮುಂದಿನ ಕೋಣೆಯನ್ನು ಕೊಡುತ್ತೇನೆಂದರು. ಬೀಗದ ಕೈ ಕೊಡುವ ಮುಂಚೆ ನನ್ನನ್ನು ಜಗುಲಿಯ ಮೇಲೆ ಕೂರಿಸಿ ಹೇಳಿದರು:

"ಒಳಗಿಂದ ಮಾತು ಕೇಳಿಸಿದ್ರೆ ಹೆದರ್ಕೋಬೇಡ. ನನ್ನ ತಮ್ಮ. ಒಬ್ಬನೇ ಮಾತಾಡ್ಕೋತಾನೆ. ಯಾರಿಗೂ ಏನೂ ಮಾಡೋನಲ್ಲ. ಹೆದರ್ತೀಯ ಅಂದ್ರೆ ಈಗ್ಲೇ ಹೇಳ್ಬಿಡು, ಬೇರೆ ಕಡೆ ನೋಡ್ಕೊಡ್ತೀನಿ."

ನಾನು ಹೆದರುವುದಿಲ್ಲ ಎಂದೆ. ಹೆದರಿಕೆಯಾಗಿತ್ತು. ಅದು ಅವರಿಗೆ ಕಂಡಿತು ಅನ್ನಿಸುತ್ತದೆ. "ಹೆದರಿದ್ರೂ ಪರವಾಗಿಲ್ಲ, ಅವನ ಎದುರಿಗೆ ತೋರಿಸ್ಬೇಡ," ಎಂದು ಬೀಗದ ಕೈ ಕೊಟ್ಟರು.

ಎತ್ತರದ, ಸಣಕಲು ಹೆಂಗಸು. ಹಣೆಯ ಮೇಲೆ ವಿಭೂತಿ, ದಪ್ಪ ಕನ್ನಡಕ, ಸದಾ ಬೂದಿಬಣ್ಣದ ನೂಲಿನ ಸೀರೆ. ಬೀದಿಯಲ್ಲಿ ಅಂಚು ಹಿಡಿದು ನಡೆಯುವವರಲ್ಲ, ನಟ್ಟನಡುವೆ ನಡೆಯುತ್ತಿದ್ದರು. ಎದುರಿಗೆ ಬಂದ ಎತ್ತಿನ ಗಾಡಿಯವನೇ ಪಕ್ಕಕ್ಕೆ ಹೊಡೆದುಕೊಂಡು ಹೋಗಬೇಕಾಗುತ್ತಿತ್ತು. ತರಗತಿಯಲ್ಲಿ ಬೆತ್ತ ಹಿಡಿದದ್ದನ್ನು ನಾನು ನೋಡಲಿಲ್ಲ. ಹುಡುಗಿಯರು ಅವರ ಮೌನಕ್ಕೇ ಹೆದರುತ್ತಿದ್ದರು.

ಹಿಂದಿಯಲ್ಲಿ ಗಂಡು ಯಾವುದು ಹೆಣ್ಣು ಯಾವುದು ಎಂಬುದು ನಮ್ಮ ಕಡೆಯ ಮಕ್ಕಳಿಗೆ ದೊಡ್ಡ ತಲೆನೋವು. ಮೇಜಿಗೆ ಒಂದು, ಬಾಗಿಲಿಗೆ ಒಂದು. ಒಂದು ದಿನ ಒಬ್ಬಳು ಎದ್ದು ನಿಂತು, "ರೈಲು ಯಾಕೆ ಮೇಡಂ ಹೆಣ್ಣು?" ಎಂದು ಕೇಳಿದ್ದಳು. ಪಕ್ಕದ ಕೋಣೆಯಲ್ಲಿದ್ದ ನನಗೆ ಉತ್ತರ ಕೇಳಿಸಿತು. "ಟೈಮಿಗೆ ಸರಿಯಾಗಿ ಬರಲ್ಲ ಅಂತ ಗಂಡಸರು ನಗ್ತಾರೆ. ಅಷ್ಟು ಜನರನ್ನ ಹೊತ್ಕೊಂಡು ಬರುತ್ತಲ್ಲ, ಅದು ಯಾರ ಕಣ್ಣಿಗೂ ಬೀಳಲ್ಲ. ಕೂತ್ಕೊ."

ಅವರ ತಂದೆ ಲಿಂಗದಹಳ್ಳಿಯ ಮೇಲಿನ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಸಾಕಿದವರು ಮೇಡಂ ಅವರೇ. ಬುದ್ಧಿವಂತ ಹುಡುಗ. ಎಂಜಿನಿಯರಿಂಗ್ ಓದಲು ದೂರದ ಊರಿಗೆ ಹೋದವನನ್ನು ಎರಡನೆಯ ವರ್ಷದಲ್ಲೇ ಜೊತೆಯ ಹುಡುಗರು ಕರೆತಂದು ಬಿಟ್ಟುಹೋದರು. ಗೋಡೆಯೊಳಗಿಂದ ಯಾರೋ ಹೆಸರು ಹಿಡಿದು ಬೈಯುತ್ತಾರೆ ಎನ್ನುತ್ತಿದ್ದನಂತೆ. ಆ ಬೈಗುಳಕ್ಕೆ ಪಾಪ, ವಿನಯವಾಗಿ ಉತ್ತರ ಹೇಳುತ್ತಿದ್ದನಂತೆ. ತಂದೆ ಅದೇ ಕೊರಗಿನಲ್ಲಿ ತೀರಿಕೊಂಡರು. ಮೇಡಂ ತಮ್ಮನನ್ನು ಕರೆದುಕೊಂಡು ಅಜ್ಜಂಪುರಕ್ಕೆ ಬಂದರು.

ನಾನು ಹೋದಾಗ ಆ ತಮ್ಮನಿಗೆ ಮೂವತ್ತರ ಸುಮಾರು. ನಾನು ಅಣ್ಣ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು. ಮೇಡಂ ತಮ್ಮನನ್ನು ಕರೆಯುತ್ತಿದ್ದುದು ತಮ್ಮಯ್ಯ ಎಂದು. ಆ ಹೆಸರನ್ನು ಅವರು ಒಂದೊಂದು ಸಲ ಒಂದೊಂದು ಬಗೆಯಲ್ಲಿ ಕೂಗುತ್ತಿದ್ದರು. ಊಟಕ್ಕೆ ಕರೆಯುವಾಗ ಒಂದು ರಾಗ, ಗೋಡೆಯ ಮುಂದಿನಿಂದ ಈಚೆಗೆ ಕರೆಯುವಾಗ ಇನ್ನೊಂದು ರಾಗ.

ಮೇಡಂಗೆ ಒಂದು ಸಂಬಂಧ ಬಂದಿತ್ತು. ತರೀಕೆರೆಯ ಕಡೆಯವರು, ಅನುಕೂಲಸ್ಥರು, ಹೆಂಡತಿ ತೀರಿಕೊಂಡವರು. ಆ ಕಡೆಯ ಹಿರಿಯರು ಜಗುಲಿಯ ಮೇಲೆ ಕೂತು ಕಾಫಿ ಕುಡಿದು, ಎಲ್ಲ ಒಪ್ಪಿಗೆ, ತಮ್ಮನನ್ನು ಮಾತ್ರ ಯಾವುದಾದರೂ ಮಠಕ್ಕೆ ಬಿಟ್ಟುಬಿಡಿ, ಪ್ರಸಾದ ಉಂಡುಕೊಂಡು ಇರುತ್ತಾನೆ ಎಂದರು. ಮೇಡಂ ಖಾಲಿ ಲೋಟಗಳನ್ನು ಎತ್ತಿಕೊಂಡು, "ಮಠಕ್ಕೆ ಬಿಡೋಕೆ ಅವನೇನು ಕರುವಾ ಸ್ವಾಮಿ?" ಎಂದು ಒಳಗೆ ಹೋದರು. ಮತ್ತೆ ಹೊರಗೆ ಬರಲೇ ಇಲ್ಲ. ಬಂದವರು ಸ್ವಲ್ಪ ಹೊತ್ತು ಕೂತು ತಾವಾಗಿಯೇ ಎದ್ದು ಹೋದರು.

ಶಿವಮೊಗ್ಗದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಕೈಗೆ ಏನಾದರೂ ಕೆಲಸ ಕೊಡಿ ಎಂದಿದ್ದರಂತೆ. ಮೇಡಂ ಹತ್ತಿ ತಂದುಕೊಟ್ಟರು, ತಮ್ಮಯ್ಯ ಬತ್ತಿ ಹೊಸೆದರು. ಅಡಿಕೆ ಸುಲಿಸಿ ನೋಡಿದರು, ಬುಟ್ಟಿ ಹೆಣೆಯುವವರ ಹತ್ತಿರ ಕೂರಿಸಿ ನೋಡಿದರು. ಯಾವುದೂ ವಾರ ದಾಟಲಿಲ್ಲ. ಆಗ ನೆನಪಾದದ್ದು ಅಟ್ಟದ ಮೇಲಿದ್ದ ಪೆಟ್ಟಿಗೆ.

ತೋಟದ ಬಿಳಿ ದೊರೆ ಎಲ್ಲ ಮಾರಿ ತನ್ನ ದೇಶಕ್ಕೆ ಹೊರಟಾಗ ರೈಟರಿಗೆ ಕೊಟ್ಟುಹೋದ ಪೆಟ್ಟಿಗೆ ಅದು. ರಜೆಗೆ ಬರುವ ಮಗನಿಗೆಂದು ತರಿಸಿದ್ದನಂತೆ. ಮಗ ಬರಲೇ ಇಲ್ಲ, ಪೆಟ್ಟಿಗೆಯನ್ನು ಯಾರೂ ತೆರೆಯಲೂ ಇಲ್ಲ. ಅದರೊಳಗೆ ಇದ್ದದ್ದು ಒಂದು ರೈಲು ಎಂಜಿನ್ನಿನ ಬಿಡಿಭಾಗಗಳು. ದೊಡ್ಡ ಎಂಜಿನ್ನಿನ ಪ್ರತಿಯೊಂದು ಅಳತೆಯನ್ನೂ ಒಂದೇ ಸಮನೆ ಕುಗ್ಗಿಸಿ ಮಾಡಿದ ಮಾದರಿ. ನಾವೇ ಜೋಡಿಸಬೇಕು, ಜೋಡಿಸಿ ನೀರು ತುಂಬಿ ದೀಪ ಹಚ್ಚಿದರೆ ಉಗಿಯಲ್ಲೇ ಓಡುತ್ತದೆ. ಗೇಣುದ್ದದ ಹಿತ್ತಾಳೆಯ ಬಾಯ್ಲರ್, ಚಕ್ರಗಳು, ಪಿಸ್ಟನ್ನು, ಕಡ್ಡಿಯಂಥ ರಾಡುಗಳು, ಜೀರಿಗೆಗಿಂತ ಸ್ವಲ್ಪ ದಪ್ಪ ಸ್ಕ್ರೂಗಳು. ಎಲ್ಲವೂ ಮೇಣದ ಕಾಗದದಲ್ಲಿ ಸುತ್ತಿಟ್ಟದ್ದು ಹಾಗೇ ಇತ್ತು.

ಮೇಡಂ ಸ್ಟೀಲ್ ತಟ್ಟೆಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟು ಭಾಗಗಳನ್ನು ಹರಡಿದರು. ಸ್ಕ್ರೂಗಳಿಗೆಂದು ಒಗ್ಗರಣೆ ಡಬ್ಬಿಯ ಸಾಸಿವೆ ಮೆಣಸು ಎಲ್ಲ ಖಾಲಿಯಾಯಿತು. ಜೋಡಿಸುವ ಕ್ರಮ ಇಂಗ್ಲಿಷಿನಲ್ಲಿತ್ತು. ತಮ್ಮಯ್ಯನಿಗೆ ಅಕ್ಷರದ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲವಾದ್ದರಿಂದ ಮೇಡಂ ಪಾಠ ಓದುವ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಆ ಯಂತ್ರದ ಭಾಷೆ ಅವರಿಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ತಮ್ಮಯ್ಯ ತಲೆಯೆತ್ತದೆ "ಮುಂದೆ" ಎನ್ನುತ್ತಿದ್ದರು. ಭಾಗಗಳಿಗೆ ಮೇಡಂ ತಮ್ಮದೇ ಹೆಸರಿಟ್ಟುಕೊಂಡರು. ಉದ್ದದ ರಾಡು ಸೌಟು, ಹೊಗೆ ಕೊಳವೆ ಊದುಗೊಳವೆ, ಪಿಸ್ಟನ್ನು ಶಾವಿಗೆ ಒರಳಿನ ಕೋಲು.

"ಆ ಸೌಟು ಯಾವ ಕಡೆಗೆ ಕಣೋ?"

"ಎಡಕ್ಕೆ ಅಕ್ಕ."

ಇಂಥ ಮಾತು ಆ ಮನೆಯಲ್ಲಿ ಕೇಳಿ ವರ್ಷಗಳಾಗಿದ್ದವು ಎಂದು ಮೇಡಂ ಆಮೇಲೆ ಒಮ್ಮೆ ಹೇಳಿದರು.

ಮಳೆಗಾಲ ಹಿಡಿದು ಬಿಟ್ಟು, ಹಬ್ಬಗಳು ಮುಗಿದು, ಚಳಿ ಶುರುವಾಗುವ ಹೊತ್ತಿಗೆ ಎಂಜಿನ್ ಎದ್ದುನಿಂತಿತು. ಆ ಭಾನುವಾರ ಬೆಳಿಗ್ಗೆ ನಡುಮನೆಯ ಬೆಂಚು ಹೊರಗಿಟ್ಟು, ಪೆಟ್ಟಿಗೆಯಲ್ಲೇ ಇದ್ದ ಹಳಿಗಳನ್ನು ದುಂಡಗೆ ಜೋಡಿಸಿದೆವು. ಕುರ್ಚಿಗಳಿಗೆ ಪಾಲಿಶ್ ಹಾಕುವ ಬಡಗಿಯ ಹತ್ತಿರ ಸ್ಪಿರಿಟ್ ತಂದು ಪುಟ್ಟ ದೀಪಕ್ಕೆ ತುಂಬಿದ್ದರು. ತಮ್ಮಯ್ಯ ಹೊಟ್ಟೆಯ ಮೇಲೆ ಮಲಗಿ ದೀಪ ಹಚ್ಚಿದರು. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸುಯ್ ಎಂದು ಸದ್ದಾಗಿ ಬಿಸಿನೀರು ಸಿಡಿಯಿತು, ಸುಟ್ಟ ಎಣ್ಣೆಯ ವಾಸನೆ ಬಂತು. ತಮ್ಮಯ್ಯ ಕಿರುಬೆರಳಲ್ಲಿ ಒಂದು ಸಲ ಮುಂದಕ್ಕೆ ತಳ್ಳಿದರು. ಅದು ಓಡಿತು. ಸುತ್ತು ಹಾಕಿ ಸುತ್ತು ಹಾಕಿ ಓಡಿತು. ಮೇಡಂ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಾನು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದೆ. ಶಾಲೆಯ ಹುಡುಗಿಯರಿಗೆ ಸುದ್ದಿ ಹೋಗಿ ಮಾರನೆಯ ದಿನ ಸಂಜೆ ಜಗುಲಿಯ ತುಂಬ ಮಕ್ಕಳು.

ಆ ಖುಷಿ ಬಹಳ ದಿನ ಬಾಳಲಿಲ್ಲ. ಓಡಿಸುವುದರಲ್ಲಿ ತಮ್ಮಯ್ಯನಿಗೆ ರುಚಿ ಇರಲಿಲ್ಲ. ಎಂಜಿನ್ ಗೋಡೆಯ ಗೂಡಿನಲ್ಲಿ ಕೂತಿತು, ಅವರು ಗೋಡೆಗೆ ಮುಖ ಮಾಡಿ ಮಲಗಿದರು. ಊಟ ಬಿಟ್ಟರು. ಗೋಡೆಯ ಜೊತೆ ಮಾತು ಮತ್ತೆ ಶುರುವಾಯಿತು, ಮುಂಚಿಗಿಂತ ಜೋರಾಗಿ. ಬಂದವರೆಲ್ಲ ಒಂದೊಂದು ಹೇಳಿದರು. ತಾಯಿತ ಕಟ್ಟಿಸಿ ಎಂದರು, ಮದುವೆ ಮಾಡಿ ಎಂದವರೂ ಇದ್ದರು. ಮೇಡಂ ತಟ್ಟೆಯಲ್ಲಿ ಅನ್ನ ಕಲಸಿಕೊಂಡು ತಮ್ಮನ ಪಕ್ಕ ಕೂತು, ಅದು ಒಣಗುವ ತನಕ ಕೂತೇ ಇದ್ದು, ಹಾಗೇ ಎತ್ತಿಕೊಂಡು ಹೋಗುವುದನ್ನು ನಾನು ದಿನವೂ ನೋಡುತ್ತಿದ್ದೆ. ಅವರೂ ಉಣ್ಣುತ್ತಿರಲಿಲ್ಲ.

ಒಂದು ಶನಿವಾರ ಶಾಲೆ ಬೆಳಿಗ್ಗೆಯೇ ಬಿಟ್ಟಿತ್ತು. ನಾನು ದಾರ ತರಲು ಅಂಗಡಿಗೆ ಹೋಗಿ ಮನೆಗೆ ಬಂದಾಗ ನಡುಮನೆಯ ಬಾಗಿಲು ಓರೆಯಾಗಿತ್ತು. ಪಕ್ಕದ ಮನೆಯ ಯಜಮಾನರು ತಮ್ಮಯ್ಯನನ್ನು ಬಲವಂತ ಮಾಡಿ ಕ್ಷೌರಕ್ಕೆ ಕರೆದೊಯ್ದಿದ್ದರು. ಮೇಡಂ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ಎಂಜಿನ್ ಅಂಗಾತ ಮಲಗಿತ್ತು. ಕೈಯಲ್ಲಿ ಸ್ಕ್ರೂಡ್ರೈವರ್. ಚಕ್ರಗಳು ಆಗಲೇ ತಟ್ಟೆಗೆ ಬಂದಿದ್ದವು.

"ಬಾಗಿಲು ಹಾಕೇ," ಎಂದರು.

"ಏನ್ ಮಾಡ್ತಿದೀರಾ ಮೇಡಂ? ಅಷ್ಟು ಕಷ್ಟಪಟ್ಟು..."

"ಕಣ್ಣು ಕಾಣಲ್ವಾ ನಿನಗೆ? ಬಿಚ್ತಿದೀನಿ." ಸ್ಕ್ರೂ ಜಾರಿತು, ಮತ್ತೆ ಹಿಡಿದರು. "ಕಟ್ಟೋವಾಗ ಅವನು ಉಂಡ, ಮಲಗ್ದ, ನನ್ನ ಜೊತೆ ನಾಲ್ಕು ಮಾತಾಡ್ದ. ಮುಗೀತು ಅಂತ್ಲೇ ಹಿಂಗಾದ. ಮುಗೀದೇ ಇರ್ಲಿ ಬಿಡು."

ತಮ್ಮಯ್ಯ ತಲೆ ನುಣ್ಣಗೆ ಮಾಡಿಸಿಕೊಂಡು ಬಂದರು. ತಟ್ಟೆಗಳನ್ನು ನೋಡಿ ಹೊಸ್ತಿಲಲ್ಲೇ ನಿಂತರು. ಮೇಡಂ ಅವರ ಮುಖ ನೋಡದೆ, "ಬಾಯ್ಲರ್ ಒಳಗೆ ಪಾಚಿ ಕಟ್ಟಿತ್ತು ಕಣೋ ತಮ್ಮಯ್ಯ. ತೊಳೀದಿದ್ರೆ ತೂತು ಬೀಳುತ್ತೆ ಅಂದ್ರು ಯಾರೋ. ಬಿಚ್ಬಿಟ್ಟೆ. ಜೋಡಿಸೋಕೆ ನನಗೆ ಬರಲ್ಲ," ಎಂದರು. ತಮ್ಮಯ್ಯ ಒಳಗೆ ಬಂದರು. ಆಮೇಲೆ ಚಾಪೆಯ ಮೇಲೆ ಕೂತು ಒಂದು ಚಕ್ರ ಎತ್ತಿಕೊಂಡರು. ಅವತ್ತು ಮಧ್ಯಾಹ್ನ ಅಕ್ಕ ತಮ್ಮ ಇಬ್ಬರೂ ಉಂಡರು.

ಹೀಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಎಂಜಿನ್ ಮುಗಿಯುವುದು, ಒಂದೆರಡು ದಿನ ಓಡುವುದು, ತಮ್ಮಯ್ಯ ಮಂಕಾಗುವುದು, ಮೇಡಂ ಬಿಚ್ಚುವುದು. ಪಾಚಿ ಹಳತಾದ ಮೇಲೆ ತುಕ್ಕು ಬಂತು, ಎಣ್ಣೆ ಗಟ್ಟಿಯಾಯಿತು, ಇಲಿ ಕೆಡವಿತು. ಸುಳ್ಳು ಹೇಳಲು ಬಾರದ ಆ ಹೆಂಗಸು ಪ್ರತಿ ಸಲಕ್ಕೂ ಒಂದು ಹೊಸ ಸುಳ್ಳನ್ನು ಶಾಲೆಯಿಂದ ಬರುವ ದಾರಿಯಲ್ಲಿ ಯೋಚಿಸುತ್ತಿದ್ದರು. "ಇಲಿ ಅಂದ್ರೆ ನಂಬ್ತಾನೇನೇ?" ಎಂದು ಬೀದಿಯ ನಡುವೆ ನಿಂತು ನನ್ನನ್ನು ಕೇಳುತ್ತಿದ್ದರು. ಬಿಚ್ಚಿದ ಮಾರನೆಯ ದಿನ ಕೈಗೆ ಹಿತ್ತಾಳೆಯ ವಾಸನೆ ಹತ್ತಿರುತ್ತಿತ್ತು. ಹುಣಸೆಹಣ್ಣು ಹಾಕಿ ಉಜ್ಜಿಕೊಂಡರೂ ಹೋಗುತ್ತಿರಲಿಲ್ಲ. ತರಗತಿಯಲ್ಲಿ ಸೆರಗಿನೊಳಗೆ ಕೈ ಇಟ್ಟುಕೊಂಡೇ ಪಾಠ ಮಾಡುತ್ತಿದ್ದರು.

ಬಿಚ್ಚುವ ದಿನ ತಮ್ಮಯ್ಯ ಮನೆಯಲ್ಲಿ ಇರಬಾರದಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು. ಭಾನುವಾರ ಬೆಳಿಗ್ಗೆ ಬುಕ್ಕಾಂಬುಧಿಯ ಬಸ್ಸು ಹತ್ತಿಸಿಕೊಂಡು ಹೋಗುತ್ತಿದ್ದೆ. ಅಲ್ಲಿಯ ಕೆರೆ ದೊಡ್ಡದು, ಹಳೆಯದು, ಏರಿಯ ಮೇಲೆ ಎಷ್ಟು ಹೊತ್ತು ಕೂತರೂ ಯಾರೂ ಕೇಳುವುದಿಲ್ಲ. ತಮ್ಮಯ್ಯನಿಗೂ ಅದು ಇಷ್ಟವಾಗಿತ್ತು. ನೀರಿನ ಹತ್ತಿರ ಗೋಡೆ ಇಲ್ಲವಲ್ಲ. ಜನ ಏನೆಂದುಕೊಂಡರೋ ಗೊತ್ತಿಲ್ಲ. ಮದುವೆಯಾಗಬೇಕಾದ ಹುಡುಗಿ ಹುಚ್ಚನ ಜೊತೆ ತಿರುಗುತ್ತಾಳೆ ಎಂದು ಕಡೂರಿನ ನಮ್ಮ ಮನೆಯ ತನಕ ಸುದ್ದಿ ಹೋಗಿತ್ತು. ನಮ್ಮಮ್ಮ ಬಂದು ಗಲಾಟೆ ಮಾಡಿದಾಗ ಮೇಡಂ, "ನಿಮ್ಮ ಮಗಳನ್ನ ಇವತ್ತೇ ಕರ್ಕೊಂಡು ಹೋಗಿ. ಅವಳಿಗೆ ಒಂದು ಮಾತು ಮಾತ್ರ ಅನ್ಬೇಡಿ," ಎಂದಿದ್ದರು. ಅಮ್ಮ ಕರೆದುಕೊಂಡು ಹೋಗಲಿಲ್ಲ. ಒಳಗೆ ಹೋಗಿ ತಮ್ಮಯ್ಯನನ್ನು ನೋಡಿ, ಕಣ್ಣೊರೆಸಿಕೊಂಡು ಊರಿಗೆ ಹೋದಳು.

ಅಂಥ ಒಂದು ಭಾನುವಾರ, ಏರಿಯ ಮೇಲೆ ಮಂಡಕ್ಕಿಯ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದೆವು. ನೀರಕೋಳಿಗಳು ಮುಳುಗಿ ಏಳುತ್ತಿದ್ದವು. ತಮ್ಮಯ್ಯ ಇದ್ದಕ್ಕಿದ್ದಂತೆ,

"ಈಗ ಚಕ್ರ ಬಿಚ್ತಿರ್ತಾಳೆ," ಎಂದರು.

"ಯಾರು?"

"ಅಕ್ಕ. ಮೊದ್ಲು ಚಕ್ರಕ್ಕೇ ಕೈ ಹಾಕ್ತಾಳೆ. ಮೊದ್ಲು ರಾಡು ಬಿಚ್ಬೇಕು. ಅದಕ್ಕೇ ರಾಡು ಬಗ್ಗಿರೋದು. ಪ್ರತಿ ಸಲ ನಾನು ನೆಟ್ಟಗೆ ಮಾಡ್ಕೋತೀನಿ."

ನಾನು ಮಂಡಕ್ಕಿಯ ಪೊಟ್ಟಣ ಕೆಳಗಿಟ್ಟೆ.

"ಯಾವಾಗಿಂದ ಗೊತ್ತು ಅಣ್ಣ?"

"ಮೊದಲ್ನೇ ಸಲಾನೇ. ಬಾಯ್ಲರ್ ಒಳಗೆ ಪಾಚಿ ಎಲ್ಲಿ ಕಟ್ಟುತ್ತೆ ಟೀಚರ್? ಅದು ಕುದಿಯೋ ನೀರು."

"ಗೊತ್ತಿದ್ದೂ ಯಾಕೆ ಸುಮ್ನಿದೀರಾ?"

"ನಾನು ಮಲ್ಕೊಂಡ್ರೆ ಅವಳು ಊಟ ಬಿಡ್ತಾಳೆ. ಅವಳಿಗೂ ಒಂದು ಕೆಲಸ ಬೇಕಲ್ಲ." ನಗಲಿಲ್ಲ, ನೀರನ್ನೇ ನೋಡುತ್ತಿದ್ದರು. "ಹೇಳ್ಬೇಡಿ ಅವಳಿಗೆ."

ಸ್ವಲ್ಪ ಧೈರ್ಯ ಮಾಡಿ ಕೇಳಿದೆ. "ಕಟ್ಟೋವಾಗ ಆ ಗೋಡೆ ಮಾತು ಕೇಳಿಸಲ್ಲ ಅಲ್ವಾ? ಅಷ್ಟಾದ್ರೂ ಒಳ್ಳೇದಾಯ್ತಲ್ಲ?"

"ಕೇಳಿಸುತ್ತೆ," ಎಂದರು. "ಅಷ್ಟೇ ಕೇಳಿಸುತ್ತೆ. ತಲೆ ಬಗ್ಸಿ ಕೆಲ್ಸ ಮಾಡ್ತಿದ್ರೆ ನನ್ನ ಮುಖ ಅವಳಿಗೆ ಕಾಣಲ್ಲ."

ಸಂಜೆಯ ಬಸ್ಸಿಗೆ ವಾಪಸು ಬಂದೆವು. ಮನೆಯಲ್ಲಿ ಮೇಡಂ ಎಂದಿನಂತೆ ತಟ್ಟೆಗಳನ್ನು ಹರಡಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದರು. "ಗೂಡಿಂದ ಬಿದ್ಬಿಡ್ತು ಕಣೋ ತಮ್ಮಯ್ಯ," ಎಂದರು. "ಹೋಗ್ಲಿ ಬಿಡು ಅಕ್ಕ, ನೋಡೋಣ," ಎಂದು ತಮ್ಮಯ್ಯ ಕೂತರು. ಬಗ್ಗಿದ ರಾಡನ್ನು ಬೆಳಕಿಗೆ ಹಿಡಿದು ನೋಡಿದರು. ನಾನು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವತ್ತಿನಿಂದ ಆ ಮನೆಯಲ್ಲಿ ಇರುವುದು ನನಗೆ ಕಷ್ಟವಾಯಿತು. ಬಿಟ್ಟು ಹೋಗುವುದು ಇನ್ನೂ ಕಷ್ಟವಾಗಿತ್ತು.

ಬಿಡುವ ಕಾಲ ತಾನಾಗಿ ಬಂತು. ನನಗೆ ತರೀಕೆರೆಯಲ್ಲಿ ಮದುವೆಯಾಯಿತು, ಅಲ್ಲಿನ ಶಾಲೆಗೇ ವರ್ಗವೂ ಆಯಿತು. ಮೇಡಂ ಮದುವೆಗೆ ಬಂದು, ಊಟಕ್ಕೂ ನಿಲ್ಲದೆ, ತಮ್ಮಯ್ಯ ಒಬ್ಬನೇ ಇದ್ದಾನೆಂದು ಓಡಿದರು. ಹೋಗುವಾಗ ನನ್ನ ಗಂಡನಿಗೆ, "ಇವಳು ಬಾಯಿ ಬಿಗಿ ಇರೋ ಹುಡುಗಿ. ಜೋಪಾನ," ಎಂದರು. ಹೊಗಳಿಕೆಯೋ ಎಚ್ಚರಿಕೆಯೋ ನಮ್ಮವರಿಗೆ ತಿಳಿಯಲಿಲ್ಲ.

ಎಂಬತ್ತರ ದಶಕ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಒಂದು ದಿನ ಮೇಡಂ ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಚೀಲದಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಬಾಯ್ಲರ್, ಒಂದು ಹಿಡಿ ಸ್ಕ್ರೂಗಳು. ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಸ್ಕ್ರೂ ಕೂರುವ ಜಾಗದ ಥ್ರೆಡ್ಡೆಲ್ಲ ಸವೆದುಹೋಗಿತ್ತು. ಎಷ್ಟು ತಿರುವಿದರೂ ಹಿಡಿತವಿಲ್ಲ. ಬಾಯ್ಲರಿನ ಬಾಯಿ ಬಿಗಿಯಾಗದೆ ಉಗಿಯೆಲ್ಲ ಸೋರುತ್ತಿತ್ತು.

"ಯಾರಾದ್ರೂ ಇದಾರೇನೇ ಇಲ್ಲಿ, ಸರಿ ಮಾಡೋರು?"

ಇಬ್ಬರೂ ಪೇಟೆ ಬೀದಿಯ ಗಡಿಯಾರ ರಿಪೇರಿ ಅಂಗಡಿಗೆ ಹೋದೆವು. ಆತ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿ, ಇದು ನಮ್ಮ ಕೈಯಲ್ಲಿ ಆಗುವುದಲ್ಲ ತಾಯಿ, ಲೇಥ್ ಇರೋ ಕಡೆ ಕೇಳಿ ಎಂದ. ಅವತ್ತು ಮಧ್ಯಾಹ್ನವೇ ಕಡೂರಿಗೆ ಹೋದೆವು. ಅಲ್ಲಿಯ ಲೇಥಿನವನು ತೂತು ದೊಡ್ಡದು ಮಾಡಿ ಹೊಸ ಸ್ಕ್ರೂ ಹಾಕಲು ನೋಡಿದ. ತೆಳ್ಳಗಿನ ಹಿತ್ತಾಳೆ ಚಿರ್ ಎಂದು ಸೀಳಿತು. ಆತ ಮುಖ ಸಪ್ಪಗೆ ಮಾಡಿಕೊಂಡು, "ಹಳೇದಲ್ವಾ ಅಮ್ಮ, ಸತ್ತೋಗಿದೆ ಲೋಹ," ಎಂದ. ಮೇಡಂ ಸೀಳಿದ ಬಾಯ್ಲರನ್ನು ಮತ್ತೆ ಗಂಟು ಕಟ್ಟಿಕೊಂಡರು. ಅಜ್ಜಂಪುರದ ಬಸ್ಸಿಗೆ ಕಾಯುವಾಗ ಆ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. "ಅವನಿಗೆ ಏನಂತ ಹೇಳ್ಲೇ?" ಎಂದು ಕೇಳಿದರು.

ತಮ್ಮಯ್ಯ ಸೀಳನ್ನು ಬೆರಳಿನಿಂದ ಸವರಿ ನೋಡಿ, "ಸಾಕು ಬಿಡು ಅಕ್ಕ," ಎಂದರಂತೆ. ಎಲ್ಲ ಭಾಗಗಳನ್ನೂ ಒರೆಸಿ ಪೆಟ್ಟಿಗೆಯೊಳಗೆ ಅದರದರ ಜಾಗದಲ್ಲಿ ಇಟ್ಟು ಮುಚ್ಚಿದರಂತೆ. ಆಮೇಲೆ ಚಾಪೆ ಹಾಸಿಕೊಂಡು ಮಲಗಿದವರು ಏಳಲಿಲ್ಲ. ಮೇಡಂ ರಜೆ ಹಾಕಿದರು, ಬತ್ತಿಗೆ ಹತ್ತಿ ತಂದರು, ಬೇರೆ ಬೇರೆ ಯಂತ್ರಗಳ ಚಿತ್ರ ತಂದು ತೋರಿಸಿದರು. ತಮ್ಮಯ್ಯ ಎಲ್ಲದಕ್ಕೂ ಹೂಂ ಎಂದರು, ಕೈ ಮಾತ್ರ ಎತ್ತಲಿಲ್ಲ. ಮೈ ಇಳಿಯಿತು. ಚಳಿಗಾಲದಲ್ಲಿ ಜ್ವರ ಬಂದು ಎದೆಗೆ ಇಳಿಯಿತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವರನ್ನು ವಾಪಸು ತಂದದ್ದು ಮಣ್ಣು ಮಾಡುವುದಕ್ಕೆ.

ನಾನು ಹೋಗುವ ಹೊತ್ತಿಗೆ ವಿಭೂತಿ ಹಚ್ಚಿ ಕೂರಿಸಿದ್ದರು. ಜಂಗಮರು ಬಂದಿದ್ದರು. ಸಂಬಂಧಿಕರಲ್ಲಿ ಯಾರೋ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ, "ಅವನ ರೈಲು ಪೆಟ್ಟಿಗೇನೂ ಗುಣಿಯೊಳಗೆ ಇಟ್ಬಿಡಿ ಮೇಡಂ. ಅದೇ ಅವನ ಪ್ರಾಣ ಆಗಿತ್ತು," ಎಂದರು.

ಮೇಡಂ, "ಬೇಡ," ಎಂದರು. "ಅಲ್ಲಾದ್ರೂ ಸುಮ್ನೆ ಕೂತಿರ್ಲಿ."

ತಮ್ಮಯ್ಯ ಅಷ್ಟು ವರ್ಷ ಅಕ್ಕನಿಗಾಗಿಯೇ ಎಂಜಿನ್ ಕಟ್ಟುತ್ತಿದ್ದದ್ದು ಇವರಿಗೂ ಗೊತ್ತಿತ್ತೇ? ಕೇಳುವ ಹೊತ್ತಾಗಿರಲಿಲ್ಲ ಅದು.

ಆಮೇಲೆ ಅವರು ಕಡೂರಿಗೆ ವರ್ಗ ಮಾಡಿಸಿಕೊಂಡರು, ಅಲ್ಲೇ ನಿವೃತ್ತರೂ ಆದರು. ಕೊಬ್ಬರಿ ಮಂಡಿಗಳ ಹಿಂದಿನ ಸಾಲಿನಲ್ಲಿ ಎರಡು ಕೋಣೆಯ ಮನೆ. ತವರಿಗೆ ಹೋದಾಗಲೆಲ್ಲ ನಾನು ಹೋಗಿ ಬರುತ್ತಿದ್ದೆ. ಸುಮ್ಮನೆ ಕೂತಿರುತ್ತಿದ್ದರು. ಪಾಠ ಹೇಳಿಸಿಕೊಳ್ಳಲು ಬಂದ ಮಕ್ಕಳನ್ನೂ ವಾಪಸು ಕಳಿಸುತ್ತಿದ್ದರಂತೆ. ಬೀದಿಯಲ್ಲಿ ಅಂಚು ಹಿಡಿದು ನಡೆಯುತ್ತಿದ್ದರು ಈಗ.

ಕೊನೆಯ ಸಲ ಹೋದದ್ದು ಹೋದ ವರ್ಷ. ಮಧ್ಯಾಹ್ನದ ಹೊತ್ತು. ಆ ಪೆಟ್ಟಿಗೆ ಮಂಚದ ಕೆಳಗಿತ್ತು. ನನ್ನ ಕಣ್ಣು ಅತ್ತ ಹೋದದ್ದನ್ನು ನೋಡಿ ಅವರೇ ಹೇಳಿದರು.

"ಒಂದಿನ ತೆಗೆದು ಕೂತೆ ಕಣೇ. ಓಡದಿದ್ರೆ ಬೇಡ, ಆಕಾರಕ್ಕಾದ್ರೂ ನಿಲ್ಲಿಸೋಣ ಅಂತ. ಎಷ್ಟು ವರ್ಷ ಕೈಯಲ್ಲಿ ಆಡ್ಸಿದೀನಿ, ಅಲ್ವಾ? ಒಂದು ಚಕ್ರ ಕೂರಿಸೋಕಾಗ್ಲಿಲ್ಲ. ನನಗೆ ಬಿಚ್ಚೋದು ಮಾತ್ರ ಗೊತ್ತಿರೋದು."

ನನಗೆ ತಡೆಯಲಾಗಲಿಲ್ಲ. ಅಷ್ಟು ವರ್ಷ ಕಟ್ಟಿಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. ಬುಕ್ಕಾಂಬುಧಿಯ ಏರಿ, ಮಂಡಕ್ಕಿ, ತಮ್ಮಯ್ಯನಿಗೆ ಮೊದಲ ಸಲವೇ ಗೊತ್ತಾಗಿದ್ದದ್ದು, ಬಗ್ಗಿದ ರಾಡನ್ನು ಪ್ರತಿ ಸಲ ನೆಟ್ಟಗೆ ಮಾಡಿಕೊಳ್ಳುತ್ತಿದ್ದದ್ದು. ಅವಳಿಗೂ ಒಂದು ಕೆಲಸ ಬೇಕಲ್ಲ ಎಂದದ್ದು. ಕಟ್ಟುವಾಗಲೂ ಗೋಡೆಯ ಮಾತು ಕೇಳಿಸುತ್ತಿದ್ದ ವಿಷಯ ಮಾತ್ರ ಹೇಳಲಿಲ್ಲ. ಅದನ್ನು ಇವತ್ತಿನ ತನಕ ನಾನು ಯಾರಿಗೂ ಹೇಳಿರಲಿಲ್ಲ.

ಮೇಡಂ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಹೊರಗೆ ಮಂಡಿಯ ಮುಂದೆ ಲಾರಿಗೆ ಮೂಟೆ ಹೇರುವವರ ಕೂಗು ಕೇಳುತ್ತಿತ್ತು. ಹುಡುಗಿಯರಿಗೆ ಪಾಠದ ಸಾಲು ಓದಲು ಹೇಳುವ ಅದೇ ಧ್ವನಿಯಲ್ಲಿ, "ಏನಂದ? ಸರಿಯಾಗಿ ಹೇಳು," ಎಂದರು.

"ಅವಳಿಗೂ ಒಂದು ಕೆಲಸ ಬೇಕಲ್ಲ ಅಂದ್ರು."

"ನಗ್ತಾ ಹೇಳಿದ್ನಾ?"

"ಹೂಂ ಮೇಡಂ. ನಗ್ತಾನೇ ಹೇಳಿದ್ರು."

ಅವರು ನನ್ನ ಮುಖವನ್ನೇ ನೋಡಿದರು. ಕನ್ನಡಕವಿಲ್ಲದ ಆ ಕಣ್ಣುಗಳಿಗೆ ನಾನು ಎಷ್ಟು ಕಂಡೆನೋ ತಿಳಿಯದು.

"ಸುಳ್ಳು ಹೇಳ್ತೀಯ," ಎಂದರು. ಆಮೇಲೆ ಸ್ವಲ್ಪ ಹತ್ತಿರ ಸರಿದು ಕೂತು, "ಇನ್ನೊಂದ್ಸಲ ಹೇಳು," ಎಂದರು.